ಬೆಳಕು ಮಿನುಗಿದರೆ ಬರುವ ಫಿಟ್ಸ್: ಮನೆ, ರಸ್ತೆ, ಮದುವೆ ಮಂಟಪಗಳಲ್ಲಿ ನಿಭಾಯಿಸುವ ಬಗೆ

ಮನೆಯ ಮಗುವಿಗೆ ಫಿಟ್ಸ್ ಎಂದು ಗೊತ್ತಾದ ದಿನವೇ ಟಿವಿಯ ಪ್ಲಗ್ ಕೀಳುವವರಿದ್ದಾರೆ. ಮರುದಿನ ಮೊಬೈಲ್ ಕಸಿದುಕೊಳ್ಳುತ್ತಾರೆ, ಮೂರನೆಯ ದಿನ ಜಾತ್ರೆ, ಮದುವೆ, ಸಿನಿಮಾ ಎಲ್ಲವೂ ನಿಷಿದ್ಧ. ಮೂರ್ಛೆರೋಗ ಇರುವ 100 ಜನರಲ್ಲಿ ಮಿನುಗುವ ಬೆಳಕಿನಿಂದ ಫಿಟ್ಸ್ ಬರುವುದು ಹೆಚ್ಚುಕಡಿಮೆ 3 ಜನರಿಗೆ. ಉಳಿದ 97 ಜನರಿಗೆ ಈ ಶಿಕ್ಷೆಯೆಲ್ಲ ವ್ಯರ್ಥ. ಆ ಮೂವರಿಗೂ ಕತ್ತಲೆಯ ಕೋಣೆ ಬೇಕಿಲ್ಲ. ಯಾವ ಬೆಳಕು ಕೆಣಕುತ್ತದೆ, ಯಾವುದು ಕೆಣಕುವುದಿಲ್ಲ ಎಂದು ಲೆಕ್ಕ ಹಾಕಲು ಬಂದರೆ ಹೆದರಬೇಕಾದ ಸಂಗತಿಗಳ ಪಟ್ಟಿ ತೀರಾ ಚಿಕ್ಕದಾಗುತ್ತದೆ.

ನನ್ನ ತಂಗಿಯ ಮಗಳಿಗೆ ಹೈಸ್ಕೂಲಿನಲ್ಲಿದ್ದಾಗ ಇದು ಶುರುವಾಯಿತು. ಬೆಳಕಿನಿಂದ ಬರುವ ಫಿಟ್ಸ್ ಹೆಚ್ಚಾಗಿ ಕಾಣಿಸಿಕೊಳ್ಳುವ ವಯಸ್ಸೂ ಅದೇ: 7ರಿಂದ 19 ವರ್ಷದೊಳಗೆ, ಅದರಲ್ಲೂ ಹುಡುಗಿಯರಲ್ಲಿ ಹೆಚ್ಚು. ಅವಳಿಗಾಗಿ ನಮ್ಮ ಮನೆಯಲ್ಲಿ ಮಾಡಿಕೊಂಡ ವ್ಯವಸ್ಥೆಗಳನ್ನು, ವೈದ್ಯರಿಂದ ಕೇಳಿ ತಿಳಿದದ್ದನ್ನು ಸೇರಿಸಿ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಔಷಧದ ವಿಷಯದಲ್ಲಿ ಕೊನೆಯ ಮಾತು ನಿಮ್ಮ ನರರೋಗ ತಜ್ಞರದು.

ಹಂತ 1: ಮೊದಲು ಖಚಿತಪಡಿಸಿಕೊಳ್ಳಿ

ಊಹೆಯ ಮೇಲೆ ಬದುಕು ಕಟ್ಟಬೇಡಿ. ಬೆಳಕು ಕಂಡರೆ ತಲೆನೋವು, ಕಣ್ಣುರಿ ಬರುವುದು ಮೈಗ್ರೇನ್ ಇರುವವರಲ್ಲಿ ಸಾಮಾನ್ಯ. ಅದೇ ಬೇರೆ, ಇದೇ ಬೇರೆ. ಬೆಳಕಿನಿಂದ ಫಿಟ್ಸ್ ಬರುತ್ತದೆಯೇ ಎಂದು ತಿಳಿಯಲು ಇರುವ ಪರೀಕ್ಷೆ ಇಇಜಿ. ತಲೆಗೆ ತಂತಿಗಳನ್ನು ಅಂಟಿಸಿ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುತ್ತಾರೆ. ಅದರ ನಡುವೆ ಕಣ್ಣಿನ ಮುಂದೆ ಒಂದು ದೀಪವನ್ನು ಬೇರೆ ಬೇರೆ ವೇಗದಲ್ಲಿ ಮಿನುಗಿಸುತ್ತಾರೆ. ಕಣ್ಣು ತೆರೆದಾಗ, ಮುಚ್ಚಿದಾಗ, ಮುಚ್ಚುವ ಕ್ಷಣದಲ್ಲಿ ಏನಾಗುತ್ತದೆ ಎಂದು ನೋಡುತ್ತಾರೆ. ದಾಖಲೆಯಲ್ಲಿ ವ್ಯತ್ಯಾಸ ಕಂಡ ತಕ್ಷಣ ದೀಪ ನಿಲ್ಲಿಸುತ್ತಾರೆ, ಆದ್ದರಿಂದ ಪರೀಕ್ಷೆಯಲ್ಲೇ ಫಿಟ್ಸ್ ಬರುವುದು ಅಪರೂಪ.

ಹೋಗುವ ಮುನ್ನ ತಲೆಗೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚಬೇಡಿ. ಹಿಂದಿನ ರಾತ್ರಿ ಕಡಿಮೆ ನಿದ್ದೆ ಮಾಡಿ ಬರಲು ಹೇಳಿದ್ದರೆ ಹಾಗೆಯೇ ಮಾಡಿ. ಮಾತ್ರೆಯನ್ನು ಮಾತ್ರ, ವೈದ್ಯರು ಹೇಳದೆ, ತಪ್ಪಿಸಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಗೇ ಹೋಗಬೇಕೆಂದೇನೂ ಇಲ್ಲ. ನರರೋಗ ವಿಭಾಗವಿರುವ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಇಇಜಿ ಸಿಗುತ್ತದೆ. ವರದಿಯಲ್ಲಿ ಬೆಳಕಿನ ಪರೀಕ್ಷೆ ಮಾಡಿದ್ದಾರೆಯೇ, ಎಷ್ಟು ವೇಗದ ಮಿನುಗಿಗೆ ಪ್ರತಿಕ್ರಿಯೆ ಬಂತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಆ ಸಂಖ್ಯೆಯ ಮೇಲೆ ನಿಂತಿದೆ.

ವೈದ್ಯರ ಮುಂದೆ ತಪ್ಪದೆ ಹೇಳಬೇಕಾದ ಇನ್ನೊಂದು ವಿಷಯವಿದೆ. ಬೆಳಿಗ್ಗೆ ಎದ್ದ ಹೊಸದರಲ್ಲಿ ಕೈ ಜಗ್ ಎಂದು ಎಗರಿ ಹಲ್ಲುಜ್ಜುವ ಬ್ರಷ್ ಹಾರುತ್ತದೆಯೇ, ಕಾಫಿ ಲೋಟ ಚೆಲ್ಲುತ್ತದೆಯೇ? ಇದನ್ನು ಅಜಾಗರೂಕತೆ ಎಂದು ಬೈದು ಸುಮ್ಮನಾಗುತ್ತೇವೆ. ಹದಿಹರೆಯದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಮೂರ್ಛೆರೋಗದ ಮುಖ್ಯ ಲಕ್ಷಣವೇ ಈ ಬೆಳಗಿನ ಎಗರುವಿಕೆ. ಅದಿರುವವರಲ್ಲಿ ಬೆಳಕಿನ ತೊಂದರೆ ಮಾಮೂಲಿಗಿಂತ ತುಂಬಾ ಹೆಚ್ಚು. ಫಿಟ್ಸ್‌ಗೆ ಸಾಮಾನ್ಯವಾಗಿ ಕೊಡುವ ಕೆಲವು ಮಾತ್ರೆಗಳು ಈ ಎಗರುವಿಕೆಯನ್ನು ಹೆಚ್ಚಿಸುತ್ತವೆ, ಕಾರ್ಬಮಜೆಪಿನ್ ಅಂಥದ್ದೊಂದು. ಆದ್ದರಿಂದ ಲೋಟ ಬಿದ್ದ ಸುದ್ದಿ ವೈದ್ಯರಿಗೆ ಮುಟ್ಟಲೇಬೇಕು.

ಹಂತ 2: ಮೂರು ಪ್ರಶ್ನೆಗಳ ಲೆಕ್ಕ ಕಲಿಯಿರಿ

ಎಲ್ಲಿಗೇ ಹೋಗಿ, ಈ ಮೂರನ್ನು ಕೇಳಿಕೊಳ್ಳಿ.

ಒಂದು, ಸೆಕೆಂಡಿಗೆ ಎಷ್ಟು ಸಲ? ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು ಅಪಾಯದ ವಲಯದಲ್ಲಿದೆ. 15ರಿಂದ 25ರ ನಡುವೆ ಅತಿ ಹೆಚ್ಚು. ಕೆಲವರಿಗೆ ಇನ್ನೂ ಮೇಲಿನ ವೇಗವೂ ತಾಗುತ್ತದೆ. ಕಾರಿನ ಇಂಡಿಕೇಟರ್ ಸೆಕೆಂಡಿಗೆ ಒಂದೆರಡು ಸಲ ಮಿನುಗುತ್ತದೆ, ಅದರಿಂದ ಚಿಂತೆಯಿಲ್ಲ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, ಸಾಮಾನ್ಯವಾಗಿ ಅದೂ ತೊಂದರೆ ಕೊಡುವುದಿಲ್ಲ. ಆಯುಸ್ಸು ಮುಗಿದು ಪಟಪಟ ಎನ್ನುವ ಟ್ಯೂಬ್ ಮಾತ್ರ ನೇರ ಅಪಾಯದ ವಲಯಕ್ಕೆ ಇಳಿಯುತ್ತದೆ.

ಎರಡು, ಕಣ್ಣನ್ನು ಎಷ್ಟು ತುಂಬುತ್ತದೆ? ದೂರದ ಅಂಗಡಿಯ ಮಿಣುಕು ಬೋರ್ಡಿಗೂ ಮೂಗಿನ ಮುಂದಿನ ಪರದೆಗೂ ಇರುವ ವ್ಯತ್ಯಾಸ ಇದೇ. ದೂರ ಹೋದಷ್ಟೂ ಕ್ಷೇಮ.

ಮೂರು, ಬೆಳಕು ಕತ್ತಲೆಯ ಅಂತರ ಎಷ್ಟು, ಬಣ್ಣ ಯಾವುದು? ಕತ್ತಲೆಯ ಕೋಣೆಯಲ್ಲಿ ಮಿನುಗುವುದು ಬೆಳಕಿರುವ ಕೋಣೆಯಲ್ಲಿ ಮಿನುಗುವುದಕ್ಕಿಂತ ಕೆಟ್ಟದ್ದು. ಬಣ್ಣಗಳಲ್ಲಿ ಗಾಢ ಕೆಂಪು ಎಲ್ಲಕ್ಕಿಂತ ಹೆಚ್ಚು ಕೆಣಕುತ್ತದೆ.

ಮೂರೂ ಒಟ್ಟಿಗೆ ಸೇರಿದರೆ ಏನಾಗುತ್ತದೆಂದು ಜಗತ್ತಿಗೆ ಗೊತ್ತಾದದ್ದು 1997ರ ಡಿಸೆಂಬರ್ 16ರಂದು. ಜಪಾನಿನ ಟಿವಿಯಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ಪ್ರಸಾರವಾಯಿತು. ಅದರಲ್ಲಿ ಕೆಂಪು ಮತ್ತು ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಸಲ ಅದಲುಬದಲಾದವು. ಅದು ಮುಗಿಯಲು ಕೆಲವೇ ಸೆಕೆಂಡು ಸಾಕಾಯಿತು. ಆ ಸಂಜೆ 685 ಜನ, ಬಹುತೇಕ ಮಕ್ಕಳು, ಆಸ್ಪತ್ರೆ ಸೇರಿದರು. ಅವರಲ್ಲಿ ಬಹಳಷ್ಟು ಜನರಿಗೆ ಅದಕ್ಕೆ ಮುಂಚೆ ಒಂದು ಸಲವೂ ಫಿಟ್ಸ್ ಬಂದಿರಲಿಲ್ಲ. ಬ್ರಿಟನ್ನಿನಲ್ಲಿ ಇದಕ್ಕೂ ಮೊದಲೇ, 1993ರಲ್ಲಿ, ನೂಡಲ್ಸ್‌ನ ಒಂದು ಟಿವಿ ಜಾಹೀರಾತು ಮೂವರಿಗೆ ಫಿಟ್ಸ್ ತರಿಸಿತ್ತು. ಅಲ್ಲಿನ ಪ್ರಸಾರದ ನಿಯಮಗಳು ಬಿಗಿಯಾದದ್ದು ಆ ಬಳಿಕ. ಜಾಲತಾಣಗಳ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ಪರದೆಯ ಮೇಲೆ ಯಾವುದೂ ಸೆಕೆಂಡಿಗೆ 3 ಸಲಕ್ಕಿಂತ ಹೆಚ್ಚು ಮಿನುಗಬಾರದು ಎನ್ನುತ್ತದೆ. ಈ ‘ಮೂರು’ ನೆನಪಿರಲಿ. ಒಂದು ಸೆಕೆಂಡಿನಲ್ಲಿ ನಿಮ್ಮ ಕಣ್ಣಿಗೆ ಎಣಿಸಲು ಆಗದಷ್ಟು ಮಿನುಗಿದರೆ ಅದು ಬೇಡ.

ಇವಲ್ಲದೆ ಮಿನುಗದೆಯೂ ಕೆಣಕುವ ಪಟ್ಟೆಗಳಿವೆ. ಅವು ಮುಂದೆ ಬರುತ್ತವೆ.

ಹಂತ 3: ಮನೆಯನ್ನು ಒಂದು ಸುತ್ತು ನೋಡಿ ಬನ್ನಿ

ಹೆಚ್ಚಿನವರ ಗಮನ ಟಿವಿಯ ಮೇಲೆ. ನನ್ನ ಪ್ರಕಾರ ನಮ್ಮ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಫ್ಯಾನು.

ಸೀಲಿಂಗ್ ಫ್ಯಾನು ಪೂರ್ಣ ವೇಗದಲ್ಲಿ ನಿಮಿಷಕ್ಕೆ ಸುಮಾರು 350 ಸುತ್ತು ತಿರುಗುತ್ತದೆ. ಮೂರು ರೆಕ್ಕೆ. ಅಂದರೆ ನಿಮಿಷಕ್ಕೆ 1,050 ಸಲ, ಸೆಕೆಂಡಿಗೆ ಹದಿನೇಳೂವರೆ ಸಲ, ಒಂದು ರೆಕ್ಕೆ ಒಂದೇ ಜಾಗವನ್ನು ದಾಟುತ್ತದೆ. ಆ ಜಾಗದ ಮೇಲೆ ಒಂದು ದೀಪವಿದ್ದರೆ ಕೆಳಗೆ ಮಲಗಿದವರಿಗೆ ಅದು ಸೆಕೆಂಡಿಗೆ ಹದಿನೇಳೂವರೆ ಸಲ ಆರಿ ಹೊತ್ತಿದಂತೆ. ಅತಿ ಅಪಾಯದ ವಲಯದ ನಟ್ಟನಡುವೆ! ರೆಗ್ಯುಲೇಟರ್ ತಿರುಗಿಸಿ ವೇಗ ಇಳಿಸಿದರೆ ನಿಮಿಷಕ್ಕೆ 200 ಸುತ್ತಾಗಬಹುದು, ಆಗಲೂ ಸೆಕೆಂಡಿಗೆ 10. ವೇಗ ಇಳಿಸುವುದು ಉಪಾಯವಲ್ಲ, ದೀಪದ ಜಾಗ ಬದಲಿಸಬೇಕು. ಫ್ಯಾನಿನ ರೆಕ್ಕೆಗಿಂತ ಕೆಳಗೆ, ಗೋಡೆಯ ಮೇಲೆ ದೀಪ ಹಾಕಿಸಿ. ಫಾಲ್ಸ್ ಸೀಲಿಂಗ್ ಮಾಡಿಸಿ ಅದರೊಳಗೆ ದೀಪಗಳನ್ನು ಹುದುಗಿಸುವ ಈಗಿನ ಪದ್ಧತಿಯಲ್ಲಿ ಈ ತೊಂದರೆ ಜಾಸ್ತಿ. ಹೊಸ ಮನೆ ಕಟ್ಟಿಸುವವರು ಎಲೆಕ್ಟ್ರೀಷಿಯನ್‌ಗೆ ಮೊದಲೇ ಹೇಳಿ.

ಕರಾವಳಿ, ಮಲೆನಾಡಿನ ಹೆಂಚಿನ ಮನೆಗಳಲ್ಲಿ ಬೆಳಕಿಗಾಗಿ ಮಾಡಿನಲ್ಲಿ ಗಾಜಿನ ಹೆಂಚು ಇಟ್ಟಿರುತ್ತಾರೆ. ಅದರಡಿಯಲ್ಲೇ ಫ್ಯಾನು ತೂಗುತ್ತಿದ್ದರೆ ಮಧ್ಯಾಹ್ನದ ಬಿಸಿಲು ಅದೇ ಕೆಲಸ ಮಾಡುತ್ತದೆ. ಅಡುಗೆಮನೆಯ, ಬಚ್ಚಲಿನ ಎಕ್ಸಾಸ್ಟ್ ಫ್ಯಾನು ಪೂರ್ವ ಅಥವಾ ಪಶ್ಚಿಮದ ಗೋಡೆಯಲ್ಲಿದ್ದರೆ ಇನ್ನೂ ಕಷ್ಟ: ಎಳೆಬಿಸಿಲು ರೆಕ್ಕೆಗಳ ಹಿಂದಿನಿಂದ ನೇರ ಮುಖಕ್ಕೆ ಬೀಳುತ್ತದೆ, ಎದುರಿಗೆ ಒಲೆ ಉರಿಯುತ್ತಿರುತ್ತದೆ. ಹೊರಗಿನಿಂದ ಒಂದು ಚಜ್ಜಾ ಅಥವಾ ತಗಡಿನ ಮರೆ ಹಾಕಿಸಿದರೆ ಸಾಕು.

ಮಿನುಗಲು ಶುರುವಾದ ಟ್ಯೂಬ್, ಎಲ್‌ಇಡಿ ಬಲ್ಬನ್ನು ಅದೇ ದಿನ ಬದಲಿಸಿ. ಸ್ಟಾರ್ಟರ್ ತಿರುಗಿಸಿ ಇನ್ನೊಂದು ವಾರ ತಳ್ಳುವ ನಮ್ಮ ಉಳಿತಾಯ ಬುದ್ಧಿ ಈ ಮನೆಗೆ ಸಲ್ಲದು. ದೇವರ ಮನೆಯ ಸೀರಿಯಲ್ ಸೆಟ್ ಇರಲಿ, ಆದರೆ ಅದರ ಪೆಟ್ಟಿಗೆಯ ಗುಂಡಿ ಒತ್ತಿ ಸುಮ್ಮನೆ ಉರಿಯುವ ಸ್ಥಿತಿಗೆ ತನ್ನಿ. ದೀಪದ ಕುಡಿ, ಮಂಗಳಾರತಿ, ಗುಡುಗಿನ ಮಿಂಚು ಇವಕ್ಕೆ ನಿಯಮಿತ ವೇಗವಿಲ್ಲ, ಸಾಮಾನ್ಯವಾಗಿ ಕಾಡುವುದಿಲ್ಲ.

ಸ್ನಾನದ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬೇಡ. ಇದು ಬೆಳಕಿಗೆ ಸಂಬಂಧಿಸಿದ್ದಲ್ಲ, ಫಿಟ್ಸ್ ಇರುವ ಎಲ್ಲರಿಗೂ ಅನ್ವಯಿಸುವ ಮಾತು. ಸ್ನಾನದ ಮಾತು ಬಂದದ್ದರಿಂದ ಹೇಳುತ್ತೇನೆ: ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಫಿಟ್ಸ್ ಬೇರೆಯೇ ಒಂದು ಬಗೆ. ದಕ್ಷಿಣ ಕರ್ನಾಟಕದಲ್ಲಿ ಅದು ಎಷ್ಟು ಕಾಣಿಸುತ್ತದೆ ಎಂದರೆ, ಅದರ ಬಗ್ಗೆ ಜಗತ್ತಿಗೆ ಗೊತ್ತಿರುವ ಬಹುಪಾಲು ಬೆಂಗಳೂರಿನ ವೈದ್ಯರು ಬರೆದದ್ದು. ಹೊರಗಿನ ಒಂದು ನಿರ್ದಿಷ್ಟ ಕಾರಣ ಫಿಟ್ಸ್ ತರಿಸಬಲ್ಲದು ಎಂದರೆ ನಂಬದ ಹಿರಿಯರಿಗೆ ನಾನು ಕೊಡುವ ಉದಾಹರಣೆ ಅದು. ಬಿಸಿನೀರಿನ ಫಿಟ್ಸ್ ಕಂಡವರು ಪ್ರತಿ ಊರಿನಲ್ಲೂ ಸಿಗುತ್ತಾರೆ, ತಕ್ಷಣ ಒಪ್ಪುತ್ತಾರೆ.

ಹಂತ 4: ಟಿವಿ, ಮೊಬೈಲ್, ಕಂಪ್ಯೂಟರ್

ಹಳೆಯ ಡಬ್ಬಿ ಟಿವಿಗಳ ಪರದೆಯೇ ಮಿನುಗುತ್ತಿತ್ತು. ಈಗಿನ ಚಪ್ಪಟೆ ಟಿವಿಗಳಲ್ಲಿ ಆ ದೋಷ ಇಲ್ಲ. ಈಗ ಉಳಿದಿರುವುದು ಪರದೆಯ ಮೇಲೆ ಏನು ತೋರಿಸುತ್ತಾರೆ ಎಂಬುದು. ಸುದ್ದಿ ವಾಹಿನಿಗಳ ಕೆಂಪು ಬ್ರೇಕಿಂಗ್ ಪಟ್ಟಿ, ಧಾರಾವಾಹಿಯಲ್ಲಿ ಅತ್ತೆಯ ಮುಖವನ್ನು ಮೂರು ಸಲ ಬಿಳಿ ಮಿಂಚಿನೊಂದಿಗೆ ತೋರಿಸುವುದು, ನೃತ್ಯ ಸ್ಪರ್ಧೆಗಳ ವೇದಿಕೆ ಬೆಳಕು, ಇವು ಗಮನಿಸಬೇಕಾದವು. ಅತ್ತೆಯ ಮೂರು ಮಿಂಚು ಸಾಮಾನ್ಯವಾಗಿ ಮಿತಿಯೊಳಗೇ ಮುಗಿಯುತ್ತದೆ. ನೃತ್ಯ ಸ್ಪರ್ಧೆಗಳ ಬಗ್ಗೆ ಹಾಗೆ ಹೇಳಲಾರೆ.

ನಾವು ಅನುಸರಿಸುವ ಕ್ರಮ ಹೀಗಿದೆ. ಟಿವಿಯ ಅಗಲದ ಮೂರು ಪಟ್ಟು ದೂರದಲ್ಲಿ ಕೂರುವುದು. 43 ಇಂಚಿನ ಟಿವಿ ಸುಮಾರು 95 ಸೆಂಟಿಮೀಟರ್ ಅಗಲವಿರುತ್ತದೆ, ಹಾಗಾಗಿ ಮೂರು ಮೀಟರ್ ಹತ್ತಿರ. ಕೋಣೆ ಚಿಕ್ಕದಾಗಿದ್ದರೆ ಟಿವಿಯೂ ಚಿಕ್ಕದಾಗಿರಲಿ. ನೋಡುವಾಗ ಕೋಣೆಯ ದೀಪ ಉರಿಯುತ್ತಿರಬೇಕು. ಪರದೆಯ ಬ್ರೈಟ್‌ನೆಸ್ ಇಳಿಸಿ. ಚಾನೆಲ್ ಬದಲಿಸಲು ರಿಮೋಟ್ ಬಳಸಿ. ಹತ್ತಿರ ಹೋಗಲೇಬೇಕಾದರೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಹೋಗಿ.

ಮೊಬೈಲ್ ಪರದೆ ಚಿಕ್ಕದು, ತೋಳಿನ ಅಂತರದಲ್ಲಿದ್ದರೆ ಕಣ್ಣನ್ನು ತುಂಬುವುದಿಲ್ಲ. ರಾತ್ರಿ ಹೊದಿಕೆಯೊಳಗೆ ಮುಖಕ್ಕೆ ಅಂಟಿಸಿಕೊಂಡು ನೋಡಿದರೆ ಆ ಅನುಕೂಲ ಹೋಯಿತು. ರೀಲ್ಸ್‌ಗಳ ಕಷ್ಟವೆಂದರೆ ಮುಂದಿನದು ಏನು ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಆ್ಯಪ್‌ಗಳಲ್ಲಿ ವಿಡಿಯೋ ತಾನಾಗಿ ಓಡುವ ಆಟೋಪ್ಲೇ ಸೌಲಭ್ಯ ಎಲ್ಲೆಲ್ಲಿ ನಿಲ್ಲಿಸಬಹುದೋ ಅಲ್ಲೆಲ್ಲ ನಿಲ್ಲಿಸಿ. ಐಫೋನಿನಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಮೋಷನ್ ಎಂಬ ದಾರಿಯಲ್ಲಿ ಹೋದರೆ ‘ಡಿಮ್ ಫ್ಲ್ಯಾಶಿಂಗ್ ಲೈಟ್ಸ್’ ಎಂಬ ಆಯ್ಕೆ ಇದೆ; ಅದನ್ನು ಆನ್ ಮಾಡಿದರೆ ಹೊಂದಿಕೆಯಾಗುವ ವಿಡಿಯೋಗಳಲ್ಲಿ ಮಿನುಗು ಬಂದಾಗ ಪರದೆ ತಾನಾಗಿ ಮಬ್ಬಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಆಕ್ಸೆಸಿಬಿಲಿಟಿಯೊಳಗೆ ‘ರಿಮೂವ್ ಅನಿಮೇಷನ್ಸ್’ ಇದೆ. ಅದು ಫೋನಿನ ಪರದೆಯ ಕುಣಿತ ನಿಲ್ಲಿಸುತ್ತದೆ, ವಿಡಿಯೋದೊಳಗಿನ ಮಿನುಗನ್ನು ನಿಲ್ಲಿಸುವುದಿಲ್ಲ. ಇದನ್ನು ತಿಳಿದೇ ಬಳಸಿ.

ಆಟೋಪ್ಲೇ ನಿಲ್ಲಿಸಲು ಇನ್ನೂ ಒಂದು ಕಾರಣವಿದೆ, ಅದು ಅಸಹ್ಯದ್ದು. ಫಿಟ್ಸ್ ಇರುವವರಿಗೆ ಬೇಕೆಂದೇ ಮಿನುಗುವ ಚಿತ್ರ ಕಳಿಸುವವರಿದ್ದಾರೆ. ಅಮೆರಿಕದ ಪತ್ರಕರ್ತ ಕರ್ಟ್ ಐಕನ್‌ವಾಲ್ಡ್‌ಗೆ 2016ರಲ್ಲಿ ಟ್ವಿಟ್ಟರ್ ಮೂಲಕ ಬಂದ ಅಂಥದ್ದೊಂದು ಚಿತ್ರದಿಂದ ಫಿಟ್ಸ್ ಬಂತು, ಕಳಿಸಿದವನ ಬಂಧನವಾಯಿತು. ಬ್ರಿಟನ್ 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆಯಲ್ಲಿ ಇದನ್ನು ಪ್ರತ್ಯೇಕ ಅಪರಾಧವೆಂದೇ ಸೇರಿಸಿತು. ಮಕ್ಕಳ ಶಾಲಾ ಗ್ರೂಪಿನಲ್ಲಿ ‘ತಮಾಷೆಗೆ’ ಯಾರಾದರೂ ಹಾಗೆ ಮಾಡಿದರೆ ತಮಾಷೆ ಎಂದು ಬಿಡಬೇಡಿ.

ವಿಡಿಯೋ ಗೇಮ್ ಪೂರ್ತಿ ನಿಷೇಧಿಸಬೇಕಿಲ್ಲ. ಆಟದ ಶುರುವಿನಲ್ಲಿ ಬರುವ ಎಚ್ಚರಿಕೆಯನ್ನು ಓದಿ, ಗಂಟೆಗಟ್ಟಲೆ ಆಡಲು ಬಿಡಬೇಡಿ, ನಿದ್ದೆಗೆಟ್ಟ ದಿನ ಬೇಡವೇ ಬೇಡ.

ಹಂತ 5: ರಸ್ತೆ ಮತ್ತು ಪ್ರಯಾಣ

ಸೂರ್ಯ ನಿಂತಲ್ಲೇ ಇರುತ್ತಾನೆ, ಮಿನುಗಿಸುವುದು ನಮ್ಮ ಓಟ. ಗಂಟೆಗೆ 60 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ತೆಂಗಿನ ತೋಟದ ಪಕ್ಕ ಹೋದರೆ, ಮರದಿಂದ ಮರಕ್ಕೆ 8 ಮೀಟರ್ ಎಂದುಕೊಂಡರೆ, ಸೆಕೆಂಡಿಗೆ ಎರಡು ನೆರಳು. ತೊಂದರೆ ಇಲ್ಲ. ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ 2.7 ಮೀಟರ್, ಅಂದರೆ ಸೆಕೆಂಡಿಗೆ ಆರು. ಹಿಂದಿನ ಸಾಲುಗಳ ನೆರಳೂ ಸೇರಿದರೆ ಇನ್ನೂ ಹೆಚ್ಚು. ಸೇತುವೆಯ ಕಂಬಿಗಳು ಒಂದೊಂದು ಮೀಟರಿಗೆ ಇದ್ದರೆ ಸೆಕೆಂಡಿಗೆ ಹದಿನೇಳು. ನೋಡಲು ಸುಂದರವಾದ ಸಂಜೆಯ ಸೇತುವೆ ಇಡೀ ಪ್ರಯಾಣದ ಅತಿ ಕೆಟ್ಟ ಭಾಗವಾಗುವುದು ಹೀಗೆ. ಬಿಸಿಲು ಅಡ್ಡಲಾಗಿ ಬೀಳುವ ಬೆಳಗಿನ ಎಂಟರೊಳಗೆ, ಸಂಜೆ ನಾಲ್ಕೂವರೆಯ ನಂತರ ಹುಷಾರಾಗಿರಬೇಕು. ನಡು ಮಧ್ಯಾಹ್ನ ನೆರಳೆಲ್ಲ ಕಾಲ ಕೆಳಗೆ.

ಬಸ್ಸಿನಲ್ಲಿ ಸೀಟು ಹಿಡಿಯುವಾಗ ಸೂರ್ಯನನ್ನು ನೋಡಿಯೇ ಹಿಡಿಯಿರಿ. ಬೆಂಗಳೂರಿನಿಂದ ಮೈಸೂರಿಗೆ ಬೆಳಿಗ್ಗೆ ಹೊರಟರೆ ಬಿಸಿಲು ಎಡಗಡೆಯಿಂದ ಬರುತ್ತದೆ, ಬಲಬದಿಯ ಸೀಟು ಒಳ್ಳೆಯದು. ಅದೇ ದಾರಿಯಲ್ಲಿ ಸಂಜೆ ಹೋದರೆ ಬಲಗಡೆ ಬಿಸಿಲು, ಎಡಬದಿ ಹಿಡಿಯಿರಿ. ಮಂಗಳೂರಿನಿಂದ ಉಡುಪಿಗೆ ಸಂಜೆ ಹೊರಟರೆ ಸಮುದ್ರದ ಕಡೆಯಿಂದ, ಅಂದರೆ ಎಡಗಡೆಯಿಂದ ಬಿಸಿಲು. ಯಾವ ಬದಿಯಾದರೂ ಕಿಟಕಿಯ ಸೀಟಿಗಿಂತ ಒಳಗಿನ ಸೀಟು ಮೇಲು. ಕಿಟಕಿಯ ಅಡ್ಡಕಂಬಿಗಳೂ ದೂರವಾಗುತ್ತವೆ. ಕಿಟಕಿಯ ಸೀಟೇ ಸಿಕ್ಕರೆ ಪರದೆ ಎಳೆಯಿರಿ, ಪರದೆ ಇಲ್ಲದಿದ್ದರೆ ಟವೆಲ್ ಕಟ್ಟಿ.

ಕೆರೆ, ಹೊಳೆಯ ಅಲೆಗಳ ಮೇಲಿನ ಬಿಸಿಲಿಗೆ ಪೋಲರೈಸ್ಡ್ ತಂಪು ಕನ್ನಡಕ ಚೆನ್ನಾಗಿ ಕೆಲಸ ಮಾಡುತ್ತದೆ. ಕನ್ನಡಕದಂಗಡಿಯಲ್ಲಿ ಈಗ ಎಲ್ಲರಿಗೂ ಕಟ್ಟುವ, ಕಂಪ್ಯೂಟರಿನ ನೀಲಿ ಬೆಳಕು ತಡೆಯುತ್ತದೆನ್ನುವ ಕನ್ನಡಕದಿಂದ ಈ ತೊಂದರೆಗೆ ಏನೂ ಉಪಯೋಗವಿಲ್ಲ. ಇಟಲಿಯ ವೈದ್ಯರು ಪರೀಕ್ಷಿಸಿ ನೋಡಿದ, ಬಹುಪಾಲು ರೋಗಿಗಳಿಗೆ ಫಲ ಕೊಟ್ಟ ‘ಝಡ್1’ ಎಂಬ ಗಾಜು ಸ್ವತಃ ಕಡುನೀಲಿ ಬಣ್ಣದ್ದು. ಅಂಥದ್ದು ಬೇಕೇ ಎಂಬುದನ್ನು ನರರೋಗ ತಜ್ಞರೊಂದಿಗೆ ಮಾತನಾಡಿ, ಸಾಧ್ಯವಾದರೆ ಅದನ್ನು ಹಾಕಿಕೊಂಡೇ ಇನ್ನೊಂದು ಇಇಜಿ ಮಾಡಿಸಿ ನಿರ್ಧರಿಸಿ.

ವಾಹನ ಓಡಿಸುವ ಬಗ್ಗೆ: ಚಾಲನಾ ಪರವಾನಗಿಗೆ ಅರ್ಜಿ ಹಾಕುವಾಗ ತುಂಬುವ ನಮೂನೆ 1ರಲ್ಲಿ ಮೂರ್ಛೆರೋಗ ಇದೆಯೇ ಎಂದು ನೇರವಾಗಿ ಕೇಳುತ್ತಾರೆ. ಇಲ್ಲ ಎಂದು ಸುಳ್ಳು ಬರೆಯುವುದು ಇಲ್ಲಿ ರೂಢಿಯಾಗಿಬಿಟ್ಟಿದೆ. ಸಾಲುಮರದ ರಸ್ತೆಯಲ್ಲಿ ಎದುರಿನಿಂದ ಬರುವವರ ಮನೆಯಲ್ಲೂ ಮಕ್ಕಳಿರುತ್ತಾರೆ ಎಂದಷ್ಟೇ ಹೇಳಬಲ್ಲೆ. ಸ್ಕೂಟರಿನ ಹಿಂದೆ ಕೂರುವವರು ಬಿಸಿಲು ಬೀಳದ ಬದಿಗೆ ಮುಖ ತಿರುಗಿಸಿ ಕುಳಿತರೆ ಒಳ್ಳೆಯದು.

ಹಂತ 6: ಪಟ್ಟೆಗಳು

ಬೆಳಕಿಗೆ ಸೂಕ್ಷ್ಮವಾಗಿರುವವರಲ್ಲಿ ಕೆಲವರಿಗೆ ಕಪ್ಪು ಬಿಳುಪು ಪಟ್ಟೆಗಳೂ ಕೆಣಕುತ್ತವೆ. ಪಟ್ಟೆ ಅಲುಗಾಡಿದರೆ, ದಿಕ್ಕು ಬದಲಿಸಿದರೆ, ಐದು ಜೋಡಿಗಿಂತ ಹೆಚ್ಚು ಇದ್ದು ಕಣ್ಣು ತುಂಬಿದರೆ ಅಪಾಯ ಹೆಚ್ಚು. ಎದುರಿಗೆ ಬರುವವರ ಪಟ್ಟೆ ಅಂಗಿ, ಗೆರೆ ಸೀರೆಯಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮಂಚದ ತುಂಬ ಹಾಸಿದ ಪಟ್ಟೆ ಹೊದಿಕೆ, ಗಾಳಿಗೆ ಅಲ್ಲಾಡುವ ಪಟ್ಟೆ ಪರದೆ, ಬಿಸಿಲು ಬಿದ್ದ ಕಿಟಕಿಯ ಮರದ ಪಟ್ಟಿಗಳು, ಮುಚ್ಚಿದ ಅಂಗಡಿ ಸಾಲಿನ ಶಟರ್‌ಗಳು, ಇವು ನೋಡಿಕೊಳ್ಳಬೇಕಾದವು. ಮನೆಯೊಳಗಿನದ್ದನ್ನು ಹೂವಿನ ಅಥವಾ ಸಾದಾ ಬಟ್ಟೆಗೆ ಬದಲಿಸಿದರೆ ಮುಗಿಯಿತು.

ಎಸ್ಕಲೇಟರ್ ಮಾತ್ರ ನಿಜವಾದ ಕಿರಿಕಿರಿ. ಮೆಟ್ಟಿಲುಗಳ ಹೊಳೆಯುವ ಲೋಹದ ಗೆರೆಗಳು ಕಣ್ಣೆದುರೇ ಚಲಿಸುತ್ತವೆ. ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇರುತ್ತದೆ, ಅದನ್ನು ಬಳಸಿ. ವಯಸ್ಸಿನ ಹುಡುಗಿ ಲಿಫ್ಟಿನಲ್ಲೇಕೆ ಎಂದು ಯಾರಾದರೂ ದುರುಗುಟ್ಟಿದರೆ ದುರುಗುಟ್ಟಲಿ. ಎಸ್ಕಲೇಟರನ್ನೇ ಹತ್ತಬೇಕಾದರೆ ಕೈಪಿಡಿ ಹಿಡಿದು ದೂರದ ಗೋಡೆಯನ್ನೋ ಮುಂದಿರುವವರ ಬೆನ್ನನ್ನೋ ನೋಡುತ್ತಿರಿ.

ಹಂತ 7: ಮದುವೆ, ಮೆರವಣಿಗೆ, ವಾರ್ಷಿಕೋತ್ಸವ

ಮೈಸೂರು ದಸರೆಗೆ ಕರೆದುಕೊಂಡು ಹೋಗಬಹುದೇ ಎಂದು ನಮ್ಮಲ್ಲಿ ಬಹಳ ಚರ್ಚೆಯಾಗಿತ್ತು. ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಹೊತ್ತಿಕೊಂಡು ಸುಮ್ಮನೆ ಉರಿಯುತ್ತವೆ, ಮಿನುಗುವುದಿಲ್ಲ. ಲಕ್ಷ ದೀಪಗಳ ಅರಮನೆ ಕ್ಷೇಮ, ಅದರ ಹೊರಗಿನ ರಸ್ತೆಯಲ್ಲಿ ಓಡುವ ಬಣ್ಣದ ಎಲ್‌ಇಡಿ ಕಮಾನು ಸಂಶಯಾಸ್ಪದ. ಬೆಳಕಿನ ಪ್ರಮಾಣ ನೋಡಬೇಡಿ, ಮಿನುಗು ನೋಡಿ.

ನಿಜವಾಗಿ ತಪ್ಪಿಸಬೇಕಾದದ್ದು ಸ್ಟ್ರೋಬ್ ದೀಪ, ಅಂದರೆ ಒಂದೇ ಸಮನೆ ಪಟಪಟ ಮಿನುಗುವ ವೇದಿಕೆ ದೀಪ. ಗಣೇಶನ ಮೆರವಣಿಗೆಯ ಡಿಜೆ ವಾಹನ, ಆರತಕ್ಷತೆಯ ಆರ್ಕೆಸ್ಟ್ರಾ, ಕಾಲೇಜು ಉತ್ಸವ, ಶಾಲೆಯ ವಾರ್ಷಿಕೋತ್ಸವ, ಎಲ್ಲೆಡೆ ಈಗ ಅದಿದೆ. ಬ್ರಿಟನ್ನಿನಲ್ಲಿ ಸಾರ್ವಜನಿಕ ಕಾರ್ಯಕ್ರಮಗಳ ಸ್ಟ್ರೋಬ್ ಸೆಕೆಂಡಿಗೆ 4ನ್ನು ಮೀರಬಾರದೆಂಬ ಸಲಹೆಯಿದೆ. ಜೊತೆಗೆ ಒಂದಕ್ಕಿಂತ ಹೆಚ್ಚು ದೀಪಗಳಿದ್ದರೆ ಎಲ್ಲವೂ ಒಟ್ಟಿಗೆ ಮಿನುಗಬೇಕು, ಇಲ್ಲದಿದ್ದರೆ ಒಂದರ ನಡುವೆ ಒಂದು ಸೇರಿ ವೇಗ ಹೆಚ್ಚುತ್ತದೆ. ನಮ್ಮಲ್ಲಿ ಲೈಟಿನವರಿಗೆ ಇದನ್ನು ನಾವೇ ಹೇಳಬೇಕು, ಹೇಳುವ ಹೊತ್ತು ಮುಖ್ಯ. ಕಾರ್ಯಕ್ರಮ ನಡೆಯುವಾಗ ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ. ಹಿಂದಿನ ದಿನ ಸಾಮಾನು ಇಳಿಸುವಾಗ ಹೋಗಿ, “ಅಣ್ಣಾ, ನಮ್ಮ ಮಗುವಿಗೆ ಪಟಪಟ ಲೈಟಿನಿಂದ ಫಿಟ್ಸ್ ಬರುತ್ತದೆ, ಸ್ಟ್ರೋಬ್ ಒಂದು ಬಿಟ್ಟು ಬೇರೆ ಎಲ್ಲ ಹಾಕಿ” ಎನ್ನಿ. ಒಂದೇ ದೀಪದ ಹೆಸರು ಹೇಳಿದರೆ ಒಪ್ಪುತ್ತಾರೆ, ಲೈಟೇ ಬೇಡ ಎಂದರೆ ಜಗಳವಾಗುತ್ತದೆ. ಫೋಟೋಗ್ರಾಫರ್‌ಗಳ ಒಂಟಿ ಫ್ಲ್ಯಾಶ್ ತೊಂದರೆ ಕೊಡುವುದು ಅಪರೂಪ. ನಾಲ್ಕಾರು ಜನ ಒಟ್ಟಿಗೆ ಸರಣಿಯಾಗಿ ತೆಗೆಯುವಾಗ ಮುಖ ತಿರುಗಿಸಿಕೊಳ್ಳುವುದು ಕ್ಷೇಮ.

ಶಾಲೆಗೆ ಜೂನ್‌ನಲ್ಲೇ ಒಂದು ಪತ್ರ ಕೊಡಿ. ತರಗತಿಯಲ್ಲಿ ಫ್ಯಾನಿನ ಮೇಲೆ ಟ್ಯೂಬ್‌ಲೈಟ್ ಇಲ್ಲದ ಜಾಗದಲ್ಲಿ ಕೂರಿಸುವುದು, ಕೆಟ್ಟ ಟ್ಯೂಬ್ ಬದಲಿಸುವುದು, ವೇದಿಕೆಯಲ್ಲಿ ಸ್ಟ್ರೋಬ್ ಬಳಸದಿರುವುದು, ಫಿಟ್ಸ್ ಬಂದರೆ ಏನು ಮಾಡಬೇಕೆಂಬುದು, ಈ ನಾಲ್ಕು ಅಂಶ ಸಾಕು.

ಮದುವೆಯ ಮಾತು ಬಂದಾಗ ಹುಡುಗಿಯ ಮನೆಯವರು ಈ ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ಅದರ ಫಲ: ಧಾರೆಯ ಹಿಂದಿನ ರಾತ್ರಿ ನಿದ್ದೆಯಿಲ್ಲ, ಗಡಿಬಿಡಿಯಲ್ಲಿ ಮಾತ್ರೆ ತಪ್ಪಿದೆ, ಆರತಕ್ಷತೆಯಲ್ಲಿ ಎದುರಿಗೇ ಸ್ಟ್ರೋಬ್. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗ ಮದುವೆಗೆ ಅಡ್ಡಿ ಎಂದಿದ್ದ ಮಾತನ್ನು 1999ರಲ್ಲೇ ತೆಗೆದುಹಾಕಲಾಗಿದೆ. ಅದನ್ನು ತಿಳಿಸಿ ಮಾತನಾಡಿದರೆ ಅರ್ಧ ಭಯ ಕಡಿಮೆಯಾಗುತ್ತದೆ.

ಹಂತ 8: ನಿದ್ದೆ ಮತ್ತು ಮಾತ್ರೆ

ಒಂದೇ ಬೆಳಕು ಒಂದು ದಿನ ಏನೂ ಮಾಡುವುದಿಲ್ಲ, ಇನ್ನೊಂದು ದಿನ ಬೀಳಿಸುತ್ತದೆ. ನಿದ್ದೆಗೇಡು, ಮಾತ್ರೆ ತಪ್ಪಿಸುವುದು, ಮದ್ಯ, ಕೆಲವು ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳು ಮೆದುಳಿನ ತಡೆಯುವ ಶಕ್ತಿಯನ್ನು ಇಳಿಸುತ್ತವೆ. ಶಿವರಾತ್ರಿಯ ಜಾಗರಣೆ, ರಾತ್ರಿಯಿಡೀ ನಡೆಯುವ ಬಯಲಾಟ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನಡುರಾತ್ರಿಯವರೆಗಿನ ಓದು, ಇವುಗಳ ಮರುದಿನ ಬೆಳಿಗ್ಗೆಯೇ ಹೆಚ್ಚು ಜಾಗ್ರತೆ ಬೇಕು. ಜಾಗರಣೆ ಬೇಡವೆಂದರೆ ದೇವರಿಗೆ ಕೋಪ ಬರುವುದಿಲ್ಲ. ಉಪವಾಸದ ದಿನವೂ ಮಾತ್ರೆ ನುಂಗಬೇಕು.

ಈ ಬಗೆಯ ಫಿಟ್ಸ್‌ಗೆ ವಾಲ್ಪ್ರೊಯೇಟ್ ಬಹಳ ಪರಿಣಾಮಕಾರಿ. ಆದರೆ ಗರ್ಭದಲ್ಲಿರುವ ಮಗುವಿಗೆ ಅದು ಹಾನಿ ಮಾಡಬಲ್ಲದು, ಆದ್ದರಿಂದ ಹೆಣ್ಣುಮಕ್ಕಳಿಗೆ ವೈದ್ಯರು ಲೆವೆಟಿರಸೆಟಮ್‌ನಂಥ ಬೇರೆ ಔಷಧ ಆಯ್ದುಕೊಳ್ಳುವುದುಂಟು. ಮದುವೆ ನಿಶ್ಚಯವಾದಾಗ ಮಾತ್ರೆಯ ಬಗ್ಗೆ ಮತ್ತೊಮ್ಮೆ ಕೇಳಿ. ಗರ್ಭಿಣಿ ಎಂದು ತಿಳಿದ ಕೂಡಲೇ ತಾವಾಗಿ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯ.

ಹಂತ 9: ಮಿನುಗಿಗೆ ಸಿಕ್ಕಿಕೊಂಡರೆ

ಕಣ್ಣು ಮುಚ್ಚಿಕೊಳ್ಳಬೇಕೆಂದು ಅನ್ನಿಸುತ್ತದೆ. ಮುಚ್ಚಬೇಡಿ. ರೆಪ್ಪೆಯ ಮೂಲಕ ಬರುವ ಬೆಳಕು ಕೆಂಪಾಗಿ ಇಡೀ ಕಣ್ಣಿಗೆ ಹರಡುತ್ತದೆ. ಮುಚ್ಚುವ ಆ ಕ್ಷಣವೂ ಕೆಣಕುವಂಥದ್ದೇ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ, ಬೆಳಕು ಸೋರದಂತೆ ಒತ್ತಿ ಮುಚ್ಚಿ, ಮುಖವನ್ನು ಬೇರೆ ಕಡೆ ತಿರುಗಿಸಿ, ಅಲ್ಲಿಂದ ಸರಿಯಿರಿ. ಎರಡೂ ಕಣ್ಣಿಂದ ಹೋಗುವ ಮಿನುಗು ಒಂದರಿಂದ ಮಾತ್ರ ಹೋದರೆ ಮೆದುಳಿನಲ್ಲಿ ಕೆರಳುವ ಭಾಗ ಕಡಿಮೆಯಾಗುತ್ತದೆ. ಇದನ್ನು ಮನೆಯಲ್ಲಿ ಆಟದಂತೆ ಅಭ್ಯಾಸ ಮಾಡಿಸಿ, ಕೈ ತಾನಾಗಿ ಮೇಲೆ ಹೋಗುವಷ್ಟು. ಕೈ ಜಗ್ಗಿದರೆ, ರೆಪ್ಪೆ ಪಟಪಟಿಸಿದರೆ, ತಲೆ ಒಂದು ಬಗೆಯಾಗಿ ಮಂಕಾದರೆ ಕೂಡಲೇ ನೆಲದ ಮೇಲೆ ಕೂರಬೇಕು.

ಕೆಲವು ಮಕ್ಕಳು ಬಿಸಿಲಿಗೆ ಮುಖವೊಡ್ಡಿ ಕಣ್ಣಿನ ಮುಂದೆ ಬೆರಳಾಡಿಸುತ್ತಾರೆ. ಚೇಷ್ಟೆ ಎಂದು ಹೊಡೆಯಬೇಡಿ, ವಿಡಿಯೋ ಮಾಡಿ ವೈದ್ಯರಿಗೆ ತೋರಿಸಿ. ಅದೂ ಈ ರೋಗದ ಒಂದು ರೂಪವೇ ಇರಬಹುದು.

ಹಂತ 10: ಫಿಟ್ಸ್ ಬಂದೇ ಬಿಟ್ಟರೆ

ಗಡಿಯಾರ ನೋಡಿ. ಮಿನುಗುವ ದೀಪ ಆರಿಸಿ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯಡಿಗೆ ಮಡಚಿದ ಬಟ್ಟೆ ಇಡಿ, ಕೊರಳಿನ ಗುಂಡಿ ಸಡಿಲಿಸಿ. ಅದುರುವ ಕೈಕಾಲನ್ನು ಅದುಮಿ ಹಿಡಿಯಬೇಡಿ. ಅದುರುವುದು ನಿಂತ ಕೂಡಲೇ ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ಜೊಲ್ಲು ಹೊರಗೆ ಹರಿಯಲಿ. ಕೈಯಲ್ಲಿ ಕಬ್ಬಿಣದ ಬೀಗದ ಕೈ ಇಡುವುದು, ಮೂಗಿಗೆ ಈರುಳ್ಳಿ ಅಥವಾ ಚಪ್ಪಲಿ ಹಿಡಿಯುವುದು, ಬಾಯಿಗೆ ಚಮಚ ತುರುಕುವುದು, ನೀರು ಹೊಯ್ಯುವುದು ಯಾವುದೂ ಬೇಡ. ಚಮಚದಿಂದ ಹಲ್ಲು ಮುರಿಯುತ್ತದೆ, ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಬೀಗದ ಕೈ ಹಿಡಿಸಿದ ಮೇಲೆ ಫಿಟ್ಸ್ ನಿಂತಿತು ಎನ್ನುವವರು ಹೇರಳ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ಕೀಲಿಕೈ ಹುಡುಕಿ ತರಲು ಬೇಕಾಗುವುದೂ ಅಷ್ಟೇ ಹೊತ್ತು.

ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೆ ಬಂದರೆ, ಮೊದಲ ಸಲದ ಫಿಟ್ಸ್ ಆಗಿದ್ದರೆ, ನೀರಿನಲ್ಲಿ ಬಂದಿದ್ದರೆ, ಗರ್ಭಿಣಿಯಾಗಿದ್ದರೆ, ಪೆಟ್ಟಾಗಿದ್ದರೆ 108ಕ್ಕೆ ಕರೆ ಮಾಡಿ. ಮೂಗಿಗೆ ಸಿಂಪಡಿಸುವ ಮಿಡಜೋಲಮ್ ಸ್ಪ್ರೇ ಇಟ್ಟುಕೊಳ್ಳಬೇಕೇ, ಎಷ್ಟು ಹಾಕಬೇಕು ಎಂದು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ. ಎಚ್ಚರವಾದ ಮೇಲೆ ಸ್ವಲ್ಪ ಹೊತ್ತು ಗೊಂದಲ, ನಿದ್ದೆ ಸಹಜ. ಪೂರ್ತಿ ತಿಳಿವು ಬರುವವರೆಗೆ ಕುಡಿಯಲು, ತಿನ್ನಲು ಏನೂ ಕೊಡಬೇಡಿ.

ಬಂದ ಪ್ರತಿ ಸಲವೂ ಒಂದು ನೋಟ್‌ಬುಕ್ಕಿನಲ್ಲಿ ದಿನ, ಹೊತ್ತು, ಜಾಗ, ಎದುರಿಗಿದ್ದ ಬೆಳಕು, ಹಿಂದಿನ ರಾತ್ರಿಯ ನಿದ್ದೆ, ಮಾತ್ರೆ ನುಂಗಿದ್ದರೇ ಎಂಬುದನ್ನು ಬರೆದಿಡಿ. ಬೆಳಕಿನ ಈ ಸೂಕ್ಷ್ಮತೆ ಸುಮಾರು ಕಾಲು ಭಾಗ ಜನರಲ್ಲಿ ಇಪ್ಪತ್ತರ ಹರೆಯ ಕಳೆಯುವ ಹೊತ್ತಿಗೆ ಮಾಯವಾಗುತ್ತದೆ. ಮಾತ್ರೆ ಇಳಿಸುವ ಮಾತು ಬಂದಾಗ ವೈದ್ಯರು ಇನ್ನೊಂದು ಇಇಜಿಯ ಜೊತೆಗೆ ಕೇಳುವುದು ಆ ನೋಟ್‌ಬುಕ್ಕನ್ನೇ.